ಹಳೆಯ ಯಂತ್ರ, ಹೊಸ ಮಾತು

ಹಿರಿಯೂರಿನ ಸೋದರಿಯೊಬ್ಬರು ಈ ತಿಂಗಳು ನಮಗೊಂದು ಪ್ರಶ್ನೆಯನ್ನು ಕಳುಹಿಸಿರುತ್ತಾರೆ. ಗೋವೆಯಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಇಬ್ಬರು ಮಿತ್ರರೊಡನೆ ಕೂಡಿ ಇಪ್ಪತ್ತೈದು ವರ್ಷದ ಹಳೆಯ ಹಾಯಿದೋಣಿಯೊಂದನ್ನು ಕೊಂಡಿರುವನಂತೆ. ಅದರಲ್ಲಿ ದಾರಿ ತೋರಿಸುವ ಯಂತ್ರಗಳನ್ನೆಲ್ಲ ಕಿತ್ತು ಹೊಸವನ್ನು ಕೂಡಿಸುವುದಕ್ಕೆ ಸಾಲ ಮಾಡಬೇಕೆಂದು ಮನೆಗೆ ತಿಳಿಸಿರುವನು. "ಸಾಲ ಮಾಡೆಂದರೆ ಸಂಸಾರಕ್ಕೆ ಭಾರ, ಬೇಡವೆಂದರೆ ಮಗನ ಪ್ರಾಣಕ್ಕೆ ಭಯ, ನಾವು ಏನೆಂದು ಹೇಳಬೇಕು?" ಎಂಬುದೇ ಆ ತಾಯಿಯ ಪ್ರಶ್ನೆ.

ವಾಣೀವಿಲಾಸ ಸಾಗರದ ಹರಿಗೋಲಿಗಿಂತ ದೊಡ್ಡ ನಾವೆಯನ್ನು ಕಾಣದ ನಮ್ಮ ಜಿಲ್ಲೆಯವರಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ ಮಕ್ಕಳು ಹೋದ ಕಡೆಗೆ ತಾಯಂದಿರ ಮನಸ್ಸು ಹೋಗದಿರುವುದುಂಟೆ? ಆದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸೋಣ.

ಹಾಯಿದೋಣಿಯಲ್ಲಿ ನೀರಿನ ಆಳವನ್ನು ಅಳೆಯುವುದೊಂದು, ಗಾಳಿಯನ್ನು ಅಳೆಯುವುದೊಂದು, ವೇಗವನ್ನು ಹೇಳುವುದೊಂದು, ಇರುವ ಸ್ಥಾನವನ್ನು ಉಪಗ್ರಹಗಳಿಂದ ತಿಳಿಯುವ ಜಿ.ಪಿ.ಎಸ್. ಒಂದು, ಹೀಗೆ ಹಲವು ಯಂತ್ರಗಳಿರುವುವು. ಇವು ಪರಸ್ಪರ ಮಾತಾಡುವುದಕ್ಕಾಗಿ ಅಮೆರಿಕದ ನೌಕಾ ಎಲೆಕ್ಟ್ರಾನಿಕ್ಸ್ ಸಂಘವು 1983ರಲ್ಲಿ ಒಂದು ಭಾಷೆಯನ್ನು ಗೊತ್ತುಮಾಡಿತು. ಅದಕ್ಕೆ ಎನ್.ಎಂ.ಇ.ಎ. 0183 ಎಂದು ಹೆಸರು. ಅದರ ವ್ಯಾಕರಣವು ನಮ್ಮಂಥ ಉಪಾಧ್ಯಾಯರಿಗೆ ಸಂತೋಷವನ್ನುಂಟುಮಾಡತಕ್ಕದ್ದಾಗಿದೆ. ಪ್ರತಿಯೊಂದು ಸುದ್ದಿಗೂ ವಾಕ್ಯವೆಂದೇ ಹೆಸರು. ವಾಕ್ಯದ ಆರಂಭದಲ್ಲಿ ಡಾಲರಿನ ಗುರುತು, ಅನಂತರ ಮಾತಾಡುವವರು ಯಾರೆಂಬ ಎರಡಕ್ಷರ, ಆಮೇಲೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ವಿಷಯ. ಕೊನೆಯಲ್ಲಿ ಅಕ್ಷರಗಳು ದಾರಿಯಲ್ಲಿ ಕೆಟ್ಟಿವೆಯೇ ಎಂದು ನೋಡುವುದಕ್ಕೆ ಒಂದು ತಾಳೆಯ ಸಂಖ್ಯೆ. ಹಿಂದಿನ ಲಿಪಿಕಾರರು ಓಲೆಯ ಗರಿಯ ಕೊನೆಗೆ ಗ್ರಂಥಸಂಖ್ಯೆಯನ್ನು ಬರೆದಿಡುತ್ತಿದ್ದುದೂ ಇಂಥ ಉದ್ದೇಶಕ್ಕೇ ಅಲ್ಲವೆ?

ಈ ಭಾಷೆಯ ಮುಖ್ಯ ನಿಯಮವೇನೆಂದರೆ, ಒಂದು ತಂತಿಯ ಮೇಲೆ ವಕ್ತೃವು ಒಬ್ಬನೇ, ಶ್ರೋತೃಗಳು ಅನೇಕರಿರಬಹುದು. ಇಬ್ಬರು ವಕ್ತೃಗಳನ್ನು ಒಂದೇ ತಂತಿಗೆ ಕಟ್ಟಿದರೆ ಸಂತೆಯ ಗದ್ದಲವಾಗುವುದೇ ಹೊರತು ಯಾರ ಮಾತೂ ತಿಳಿಯದು. ಅಲ್ಲಿ ಸರದಿಯನ್ನು ಕೊಡುವ ಒಂದು ಪೆಟ್ಟಿಗೆಯನ್ನು ಇಡಬೇಕು. ಈ ಶತಮಾನದ ಆರಂಭದಲ್ಲಿ ಬಂದ ಎನ್.ಎಂ.ಇ.ಎ. 2000 ಎಂಬುದು ಬೇರೆ ಭಾಷೆ. ಇದರಲ್ಲಿ ದೋಣಿಯ ಉದ್ದಕ್ಕೂ ಬೆನ್ನೆಲುಬಿನಂತೆ ಒಂದೇ ತಂತಿ. ಎಲ್ಲ ಯಂತ್ರಗಳೂ ಅದಕ್ಕೇ ಕೂಡಿ, ಸರದಿಯನ್ನು ತಾವೇ ನೋಡಿಕೊಂಡು ಮಾತಾಡುವುವು. ಹಳೆಯದು ಸಾಮಾನ್ಯವಾಗಿ ಸೆಕೆಂಡಿಗೆ 4800 ಬಿಟ್ಟುಗಳ ವೇಗದ್ದಾದರೆ ಹೊಸದು 2,50,000 ಬಿಟ್ಟುಗಳದ್ದು. ಬೆನ್ನೆಲುಬಿನ ಎರಡು ತುದಿಗಳಲ್ಲಿಯೂ 120 ಓಮಿನ ಅಂತ್ಯರೋಧಗಳಿರಬೇಕು. ಅವು ಇಲ್ಲದಿದ್ದರೆ ಮಾತು ತುದಿಗೆ ತಗಲಿ ಮಾರ್ದನಿಗೊಟ್ಟು ಕೆಡುವುದು.

ಭಾಷೆ ಬೇರೆಯಾದ ಮಾತ್ರಕ್ಕೆ ಹಿರಿಯರನ್ನು ಮನೆಯಿಂದ ಹೊರಡಿಸುವರೆ? ದುಭಾಷಿಯೊಬ್ಬನಿದ್ದರೆ ಸಾಕು. ಎರಡು ಭಾಷೆಗಳ ನಡುವೆ ಅನುವಾದ ಮಾಡುವ ಸಣ್ಣ ಪೆಟ್ಟಿಗೆಗಳು ಅಂಗಡಿಗಳಲ್ಲಿ ದೊರೆಯುವುವು. ಆದರೆ ದುಭಾಷಿಯು ಎಲ್ಲ ವಾಕ್ಯಗಳನ್ನೂ ಬಲ್ಲವನಲ್ಲ. ಯಾವುವನ್ನು ಬಲ್ಲನೆಂಬ ಪಟ್ಟಿಯನ್ನು ಕೊಳ್ಳುವ ಮೊದಲೇ ಓದತಕ್ಕದ್ದು. ಆಳವನ್ನು ಅಳೆಯುವ ಯಂತ್ರದ ಕಣ್ಣು ದೋಣಿಯ ತಳದಲ್ಲಿರುವುದರಿಂದ ಅದನ್ನು ಬದಲಾಯಿಸಬೇಕಾದರೆ ಅನೇಕ ವೇಳೆ ದೋಣಿಯನ್ನೇ ದಡಕ್ಕೆ ಎತ್ತಬೇಕಾಗುವುದು. ಗಾಳಿಯದು ಕೂವೆಮರದ ತುದಿಯಲ್ಲಿದೆ. ಇವು ಸರಿಯಾಗಿ ನಡೆಯುತ್ತಿದ್ದರೆ ಉಳಿಸಿಕೊಂಡು, ಹೊಸ ಪರದೆಯೊಂದನ್ನೂ ದುಭಾಷಿಯನ್ನೂ ಮಾತ್ರ ಕೊಂಡರೆ ಖರ್ಚಿನ ಬಹುಭಾಗವು ಉಳಿಯುವುದು.

ಹಳೆಯ ಜಿ.ಪಿ.ಎಸ್. ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯುಂಟು. ನಮ್ಮ ಪ್ರಭವಾದಿ ಸಂವತ್ಸರಗಳು ಅರುವತ್ತಾದ ಮೇಲೆ ಮತ್ತೆ ಮೊದಲಿನಿಂದ ಬರುವುವಷ್ಟೆ; ಬರಿಯ ಸಂವತ್ಸರದ ಹೆಸರನ್ನು ಹೇಳಿದರೆ ಯಾವ ಸುತ್ತಿನದೆಂದು ತಿಳಿಯದು. ಹಾಗೆಯೇ ಜಿ.ಪಿ.ಎಸ್. ಉಪಗ್ರಹಗಳ ಹಳೆಯ ಸಂಕೇತವು ವಾರಗಳನ್ನು 1024ರ ವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುವುದು. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗಾಯಿತು. ಮುಂದಿನದು 2038ರ ನವೆಂಬರಿನಲ್ಲಿ. ಇದನ್ನು ಎಣಿಸದೆ ಮಾಡಿದ ಯಂತ್ರವು ಸ್ಥಾನವನ್ನು ಸರಿಯಾಗಿ ತೋರಿಸಿಯೂ ತಾರೀಖನ್ನು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೇಳಬಹುದು. ಅದನ್ನು ನಂಬಿ ಉಬ್ಬರವಿಳಿತಗಳನ್ನು ಲೆಕ್ಕಹಾಕುವವರು ಮೋಸಹೋಗುವರು. ಆದುದರಿಂದ ಮಗನು ಮೊದಲು ಅದರ ತಾರೀಖನ್ನು ನೋಡಲಿ. ಈ ಪರೀಕ್ಷೆಗೆ ಕಾಸೂ ಬೇಕಿಲ್ಲ.

ತಂತಿಗಳ ಕೂಡಿಕೆಯಲ್ಲಿ ಉದಾಸೀನವು ಕೂಡದು. ನಮ್ಮ ದುರ್ಗದ ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯಿಂದ ಅಪಾಯ ಬಂದ ಕಥೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಉಪ್ಪುಗಾಳಿಯಿಂದ ಕಿಲುಬು ಹಿಡಿದ ಒಂದು ಕೂಡಿಕೆಯು ಸಾವಿರಾರು ರೂಪಾಯಿಗಳ ಯಂತ್ರವನ್ನು ಮೂಕವಾಗಿಸಬಲ್ಲುದು. ದಿಕ್ಸೂಚಿಯ ಹತ್ತಿರ ಹಾಯುವ ವಿದ್ಯುತ್ತಿನ ಜೋಡಿ ತಂತಿಗಳನ್ನು ಒಂದಕ್ಕೊಂದು ಹೆಣೆದಿಡದಿದ್ದರೆ ಮುಳ್ಳು ದಿಕ್ಕುಗೆಡುವುದು. ಒಮ್ಮೆಗೆ ಒಂದೇ ಯಂತ್ರವನ್ನು ಬದಲಾಯಿಸಿ, ಪರೀಕ್ಷಿಸಿ, ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ನಕ್ಷೆ ಬರೆದಿಡತಕ್ಕದ್ದು. ಕಾಗದದ ಭೂಪಟವೂ ಸಾದಾ ದಿಕ್ಸೂಚಿಯೂ ದೋಣಿಯನ್ನು ಬಿಟ್ಟು ಕದಲಬಾರದು.

ಇನ್ನು ಪ್ರಾಣದ ಮಾತು. ಕಮಾಂಡರ್ ಅಭಿಲಾಷ್ ಟೋಮಿಯವರು 2018ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಜಿ.ಪಿ.ಎಸ್. ನೋಡಿ ದಾರಿ ಹಿಡಿಯುವುದೇ ನಿಷಿದ್ಧವಾಗಿತ್ತು. ಸೆಪ್ಟೆಂಬರ್ 21ರಂದು ಬಿರುಗಾಳಿಯಲ್ಲಿ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ ಅವರು ಮಲಗಿದರು. 24ರಂದು ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡಿತು. ದಾರಿ ತೋರುವ ಯಂತ್ರಗಳು ಹಳೆಯ ಕಾಲದವಾಗಿದ್ದರೂ ಆಪತ್ತನ್ನು ತಿಳಿಸುವ ಸಾಧನವು ಬೇರೆಯಾಗಿ, ಸಿದ್ಧವಾಗಿದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜವೆಂಬ ಮೀನುಗಾರಿಕೆಯ ದೋಣಿಯು ಏಳು ಮಂದಿಯೊಡನೆ ಕಾಣದಾಯಿತು. ಅದರ ಅವಶೇಷವು ಮಾಲ್ವಣದ ಕಡಲಿನಲ್ಲಿ ನೌಕಾಪಡೆಗೆ ದೊರೆತದ್ದು 2019ರ ಮೇ ತಿಂಗಳಿನಲ್ಲಿ. ನಡುವಿನ ತಿಂಗಳುಗಳನ್ನು ಆ ಏಳು ಮನೆಗಳವರು ಹೇಗೆ ಕಳೆದರೋ ದೇವರೇ ಬಲ್ಲನು.

ಆದಕಾರಣ ಸೋದರಿಯವರಿಗೆ ನಮ್ಮ ಉತ್ತರವಿದು: ಪರದೆಗೆಂದು ಸಾಲ ಬೇಡ, ಅದು ಮೆಲ್ಲಗೆ ಬರಲಿ. ಆದರೆ ಇ.ಪಿ.ಐ.ಆರ್.ಬಿ. ಎಂಬ ಆಪತ್ಸೂಚಕವಿಲ್ಲದೆ ಮಗನು ಹೊರಕಡಲಿಗೆ ಹೋಗಕೂಡದು. ಅದು ಯಾವ ತಂತಿಗೂ ಕೂಡದೆ, ಸ್ವಂತ ಬ್ಯಾಟರಿಯಿಂದ, 406 ಮೆಗಾಹರ್ಟ್ಸಿನಲ್ಲಿ ಉಪಗ್ರಹಗಳಿಗೆ ಕೂಗುವುದು. ಭಾರತದಲ್ಲಿ ನೋಂದಾಯಿಸಿದ ಸಾಧನದ ಕೂಗು ಬೆಂಗಳೂರಿನಲ್ಲಿರುವ ಕೇಂದ್ರಕ್ಕೆ ಮುಟ್ಟುವುದು. ಹಳೆಯ ದೋಣಿಯೊಡನೆ ಹಳೆಯ ಸಾಧನವೂ ಬಂದಿದ್ದರೆ ಬ್ಯಾಟರಿಯ ಅವಧಿಯನ್ನು ನೋಡಬೇಕು. ನೋಂದಣಿಯು ಹಿಂದಿನ ಯಜಮಾನನ ಹೆಸರಿನಲ್ಲಿಯೇ ಉಳಿದಿದ್ದರೆ ಕೂಗುವವನು ಇವರ ಮಗನಾದರೂ ವಿಚಾರಣೆಯು ಇನ್ನೊಬ್ಬರ ಮನೆಗೆ ಹೋಗುವುದು! ಅದನ್ನು ಕೂಡಲೆ ಬದಲಾಯಿಸಿ, ತುರ್ತಿಗೆ ಕರೆಯಬೇಕಾದವರ ಸ್ಥಳದಲ್ಲಿ ಹಿರಿಯೂರಿನ ಮನೆಯ ದೂರವಾಣಿಯ ಸಂಖ್ಯೆಯನ್ನೂ ಬರೆಯಿಸಲಿ. ತಾಯಿಯು ಮಗನಿಂದ ಕೇಳಿ ಪಡೆಯಬೇಕಾದ ಮಾತು ಇದೊಂದೇ.