ಹಣ ಕೊಡುವವನೇ ಕರೆತಂದ ಸಾಕ್ಷಿ

ಹೆದ್ದಾರಿ ಅಗಲೀಕರಣ, ಮೆಟ್ರೊ, ಜೋಡಿ ರೈಲು ಮಾರ್ಗ, ಅಣೆಕಟ್ಟು - ಹಳೆಯ ಊರುಗಳ ನಡುವೆ ಹಾದುಹೋಗುವ ದೊಡ್ಡ ಕಾಮಗಾರಿಗಳ ಕಡತಗಳಲ್ಲಿ ಈಗ ದಪ್ಪನೆಯ ವರದಿಯೊಂದು ಸೇರಿಕೊಂಡಿರುತ್ತದೆ. ಅದಕ್ಕೆ ಪರಂಪರೆಯ ಮೇಲಿನ ಪರಿಣಾಮದ ಅಧ್ಯಯನ ಎಂದು ಹೆಸರು. ದಾರಿಯಲ್ಲಿ ಯಾವ ಗುಮ್ಮಟವಿದೆ, ಯಾವ ಶಾಸನವಿದೆ, ಅಗೆದರೆ ಏನು ಸಿಕ್ಕೀತು, ಕಂಪನದಿಂದ ಯಾವ ಗೋಡೆ ಬಿರುಕು ಬಿಟ್ಟೀತು ಎಂಬುದನ್ನು ಅದು ಹೇಳಬೇಕು. ಇದನ್ನು ಬರೆಯುವವರು ಪುರಾತತ್ವ ಬಲ್ಲ ಸಲಹಾ ಸಂಸ್ಥೆಗಳವರು. ವಿದ್ಯೆ ಒಳ್ಳೆಯದೇ, ವೃತ್ತಿಯೂ ಅಗತ್ಯವಾದದ್ದೇ. ಆದರೆ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಸಲಹೆಗಾರನಿಗೆ ಸಂಬಳ ಕೊಡುವವರು ಯಾರು?

ಉತ್ತರ ಸರಳವಾಗಿದೆ. ಸಾಮಾನ್ಯವಾಗಿ ಯೋಜನೆಯ ಒಡೆಯನೇ ಕೊಡುತ್ತಾನೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯವಸ್ಥೆಯೂ ಇದೇ. ಅಧ್ಯಯನ ನಡೆಸುವ ಸಂಸ್ಥೆಗೆ ಮಾನ್ಯತೆ ಬೇಕೆಂಬ ನಿಯಮ ಆಮೇಲೆ ಬಂತಾದರೂ ಅದನ್ನು ಆರಿಸಿ ಹಣ ಕೊಡುವವನು ಅನುಮತಿ ಬೇಡುವವನೇ. ರಸ್ತೆ ಬೇಕೆನ್ನುವವನು ತಜ್ಞನನ್ನು ನೇಮಿಸುತ್ತಾನೆ, ತಜ್ಞನು ರಸ್ತೆಯಿಂದ ತೊಂದರೆಯಿಲ್ಲ ಎಂದು ಬರೆಯುತ್ತಾನೆ, ಅಧಿಕಾರಿ ಮುದ್ರೆ ಒತ್ತುತ್ತಾನೆ. ತೊಂದರೆ ಇದೆಯೆಂದು ಬರೆದವನಿಗೆ ಮುಂದಿನ ಕೆಲಸ ಸಿಗುವ ಭರವಸೆ ಎಲ್ಲಿದೆ? ಎಲ್ಲ ತಜ್ಞರೂ ಅಪ್ರಾಮಾಣಿಕರೆಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕನೂ ಹೊಟ್ಟೆಪಾಡಿಗೆ ಮಣಿಯಬೇಕಾದ ಏರ್ಪಾಡನ್ನೇ ನಾವು ದೂರುತ್ತಿದ್ದೇವೆ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಸಾಕ್ಷ್ಯದ ಅಧ್ಯಾಯವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಸಾಕ್ಷ್ಯದಿಂದ ಸ್ವಂತಕ್ಕೆ ಲಾಭ ಪಡೆಯುವವನ ಸಾಕ್ಷ್ಯ ಸ್ವೀಕಾರಾರ್ಹವಲ್ಲ. ಅವನು ಸುಳ್ಳನೇ ಆಗಿರಬೇಕಾಗಿಲ್ಲ, ಲಾಭದ ಸಂಬಂಧವೊಂದೇ ಸಾಕು. ಹತ್ತು ಗಜ ಜಮೀನಿನ ವ್ಯಾಜ್ಯಕ್ಕೆ ಅನ್ವಯಿಸುವ ಈ ವಿವೇಕ ನಾನೂರು ವರ್ಷಗಳ ಸ್ಮಾರಕಕ್ಕೆ ಅನ್ವಯಿಸುವುದು ಬೇಡವೇ?

ನೆರೆಯ ಲಾಹೋರಿನ ಉದಾಹರಣೆ ನೋಡೋಣ. ಅಲ್ಲಿನ ಆರೆಂಜ್ ಲೈನ್ ಮೆಟ್ರೊ ರೈಲು ಶಾಲಿಮಾರ್ ಉದ್ಯಾನ, ಚೌಬುರ್ಜಿಗಳಂಥ ಮೊಘಲ್ ಸ್ಮಾರಕಗಳ ಸನಿಹದಲ್ಲೇ ಸಾಗುವಂತೆ ಯೋಜಿಸಲಾಗಿತ್ತು. ಅನುಮತಿ ಪತ್ರಗಳು ಸಿದ್ಧವಾಗಿದ್ದವು, ಅಧ್ಯಯನವೂ ಇತ್ತು. ನಾಗರಿಕರು ನ್ಯಾಯಾಲಯಕ್ಕೆ ಹೋದರು. 2016ರ ಆಗಸ್ಟ್‌ನಲ್ಲಿ ಲಾಹೋರ್ ಹೈಕೋರ್ಟು ಆ ಅನುಮತಿಗಳನ್ನು ರದ್ದುಗೊಳಿಸಿ, ಹನ್ನೊಂದು ಪಾರಂಪರಿಕ ತಾಣಗಳ 200 ಅಡಿಯೊಳಗೆ ಕೆಲಸ ನಿಲ್ಲಿಸಿ, ಸ್ವತಂತ್ರ ತಜ್ಞರಿಂದ ಹೊಸ ಅಧ್ಯಯನ ನಡೆಸಲು ಆದೇಶಿಸಿತು. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹಲವು ಷರತ್ತುಗಳೊಡನೆ ಕಾಮಗಾರಿಗೆ ಒಪ್ಪಿಗೆ ನೀಡಿತು. 2020ರಲ್ಲಿ ರೈಲು ಓಡಿತು. ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಷರತ್ತುಗಳು ಬಂದದ್ದು ಮೊದಲ ವರದಿಯಿಂದಲ್ಲ, ಜನರ ಹೋರಾಟದಿಂದ ಎಂಬುದು ನಿರ್ವಿವಾದ. ಮುಸ್ಲಿಮರೇ ಆಳುವ ನಾಡಿನಲ್ಲೂ ಮೊಘಲರ ಕಟ್ಟಡಕ್ಕೆ ಈ ಗತಿಯೆಂದರೆ, ಇದು ಬರಿಯ ಕೋಮುದ್ವೇಷದ ಪ್ರಶ್ನೆಯಲ್ಲ ಎಂಬುದನ್ನೂ ನಾವು ಗ್ರಹಿಸಬೇಕು.

ನಮ್ಮ ನಾಡಿಗೆ ಬರೋಣ. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು-ಮೈಸೂರು ಜೋಡಿ ಹಳಿಗೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡವಾಗಿತ್ತು. ಅದನ್ನು ಕೆಡವಲಿಲ್ಲ. 2017ರ ಮಾರ್ಚ್‌ನಲ್ಲಿ ಆ ಇಡೀ ಕಟ್ಟಡವನ್ನು ಬುಡಸಹಿತ ಎತ್ತಿ, ಸುಮಾರು ನೂರು ಮೀಟರ್ ದೂರಕ್ಕೆ ಸಾಗಿಸಿ ಕೂರಿಸಲಾಯಿತು. ಹಳಿಯೂ ಬಂತು, ಶಸ್ತ್ರಾಗಾರವೂ ಉಳಿಯಿತು. ಅಭಿವೃದ್ಧಿ ಬೇಕೋ ಪರಂಪರೆ ಬೇಕೋ ಎಂದು ನಮ್ಮನ್ನು ಬೆದರಿಸುವವರಿಗೆ ಇದೇ ಉತ್ತರ. ಆದರೆ ಶಸ್ತ್ರಾಗಾರ ಉಳಿದದ್ದು ಅದರ ಹೆಸರು ಸಂರಕ್ಷಿತ ಪಟ್ಟಿಯಲ್ಲಿದ್ದುದರಿಂದ ಎಂಬುದನ್ನು ಮರೆಯಬಾರದು. ಪಟ್ಟಿಯಲ್ಲಿಲ್ಲದ ಮಸೀದಿ, ಬಾವಿ, ಈದ್ಗಾ, ಖಬರಸ್ತಾನಗಳಿಗೆ ಯಾರು ದಿಕ್ಕು? ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ವರದಿಯಲ್ಲಿ ಕಾಣಿಸದಿರುವುದು ಸಲಹೆಗಾರನಿಗೆ ಅತ್ಯಂತ ಸುಲಭದ ಕೆಲಸ.

ಪಟ್ಟಿಯಲ್ಲಿದ್ದರೂ ನೆಮ್ಮದಿಯಿಲ್ಲ. ಹೊಸದಿಲ್ಲಿಯ ಸುನೆಹರಿ ಬಾಗ್ ಮಸೀದಿ ಅಧಿಕೃತ ಪಾರಂಪರಿಕ ಕಟ್ಟಡ. ವಾಹನ ದಟ್ಟಣೆಯ ಕಾರಣ ನೀಡಿ ಅದನ್ನು ತೆರವುಗೊಳಿಸುವ ಬಗ್ಗೆ ಅಲ್ಲಿನ ನಗರಪಾಲಿಕೆ 2023ರ ಡಿಸೆಂಬರ್ 24ರಂದು ಪ್ರಕಟಣೆ ಹೊರಡಿಸಿತು. ಆಕ್ಷೇಪ ಸಲ್ಲಿಸಲು ಕೊಟ್ಟ ಗಡುವು ಜನವರಿ 1. ಒಂದೂವರೆ ಶತಮಾನ ನಿಂತಿದೆ ಎನ್ನಲಾಗುವ ಮಸೀದಿಯ ಪರ ಮಾತಾಡಲು ಒಂದು ವಾರ! ವಿಷಯ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು.

ಕಾನೂನಿಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಯಂತ್ರಿತ ವಲಯದಲ್ಲಿ ಬರುವ ದೊಡ್ಡ ಯೋಜನೆಗಳ ಪರಿಣಾಮವನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಪರಿಶೀಲಿಸಬೇಕು. ಇದರ ಬಿಸಿ ವಿಜಾಪುರದಂಥ ಊರುಗಳ ಬಡ ಕುಟುಂಬಗಳಿಗೆ ಚೆನ್ನಾಗಿ ತಟ್ಟಿದೆ. ಸೋರುವ ಮಾಡನ್ನು ದುರಸ್ತಿ ಮಾಡಿಸಲೂ ಅನುಮತಿಗಾಗಿ ಅಲೆಯಬೇಕು. ಇತ್ತ, ನಿಷೇಧಿತ ವಲಯದಲ್ಲೇ ಕೇಂದ್ರ ಸರಕಾರದ ಕಾಮಗಾರಿಗಳಿಗೆ ಅವಕಾಶ ಕೊಡುವ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಪ್ರವರ ಸಮಿತಿಗೆ ಒಪ್ಪಿಸಿತು. ಬಡವನ ಮಾಡಿಗೆ ಒಂದು ನ್ಯಾಯ, ಸರಕಾರದ ಮೇಲ್ಸೇತುವೆಗೆ ಇನ್ನೊಂದು ನ್ಯಾಯವೇ?

ಕಲ್ಲುಗಳಿಗಾಗಿ ಜೀವಂತ ಮನುಷ್ಯರ ಸೌಕರ್ಯ ತಡೆಯುವುದೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಹಂಪಿಯ ಬಳಿ ಆನೆಗುಂದಿ ಸೇತುವೆಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಆದರೂ ಪರಿಣಾಮವನ್ನು ಮೊದಲೇ ಅಳೆಯದೆ ಸೇತುವೆ ಕಟ್ಟಲು ಹೊರಟರು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಅದರಿಂದ ಹೊರಬರಲು 2006 ಆಯಿತು. ಕೆಲಸ ವರ್ಷಗಟ್ಟಲೆ ನಿಂತು, ಮತ್ತೆ ಆರಂಭವಾಗಿ, 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ತೆತ್ತರು. ಹಳ್ಳಿಗರಿಗೆ ಸೇತುವೆಯೂ ದಕ್ಕಲಿಲ್ಲ. ಸಕಾಲದ ಪ್ರಾಮಾಣಿಕ ಅಧ್ಯಯನ ಅಭಿವೃದ್ಧಿಗೆ ಅಡ್ಡಿಯಲ್ಲ, ಅದಿಲ್ಲದಿರುವುದೇ ಅಡ್ಡಿ.

ಹಾಗಾದರೆ ಪರಿಹಾರವೇನು? ಫ್ರಾನ್ಸ್ 2001ರಲ್ಲಿ ಒಂದು ದಾರಿ ಹಿಡಿಯಿತು. ಕಟ್ಟುವವನಿಂದ ತೆರಿಗೆಯ ರೂಪದಲ್ಲಿ ಹಣ ಪಡೆದು, ಸಾರ್ವಜನಿಕ ಪುರಾತತ್ವ ಸಂಸ್ಥೆಯಿಂದ ನೆಲ ಪರೀಕ್ಷೆ ಮಾಡಿಸುವ ಏರ್ಪಾಡು ಅದು. 2003ರ ನಂತರ ಉತ್ಖನನದಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಆದರೆ ಮೊದಲ ತಪಾಸಣೆ ಸಾರ್ವಜನಿಕ ಸಂಸ್ಥೆಗಳ ಕೈಯಲ್ಲೇ ಉಳಿಯಿತು. ಅಂದರೆ ಹಣ ಕಟ್ಟುವವನದೇ, ಆದರೆ ಸಾಕ್ಷಿ ಅವನವನಲ್ಲ.

ನಮ್ಮಲ್ಲೂ ಇದು ಅಸಾಧ್ಯವೇನಲ್ಲ. ಅಧ್ಯಯನದ ಹಣ ಸರಕಾರದ ಪ್ರತ್ಯೇಕ ನಿಧಿಗೆ ಸಂದಾಯವಾಗಲಿ. ಆ ನಿಧಿಯಿಂದ ತಜ್ಞರ ನೇಮಕವಾಗಲಿ. ವರದಿ ಟೆಂಡರಿಗೆ ಮುಂಚೆ ಬರಲಿ. ಅದು ಕನ್ನಡದಲ್ಲಿ ಪ್ರಕಟವಾಗಿ ಗ್ರಾಮ ಪಂಚಾಯತು, ನಗರಸಭೆಗಳಲ್ಲಿ ಓದಲು ಸಿಗಲಿ. ಪಟ್ಟಿಯಲ್ಲಿಲ್ಲದ ದೇಗುಲ, ಬಸದಿ, ದರ್ಗಾ, ಕೆರೆ, ಸಮಾಧಿಗಳನ್ನೂ ಊರ ಹಿರಿಯರನ್ನು ಕೇಳಿ ದಾಖಲಿಸುವುದು ಕಡ್ಡಾಯವಾಗಲಿ. ಆಕ್ಷೇಪಕ್ಕೆ ವಾರವಲ್ಲ, ತಿಂಗಳುಗಳ ಕಾಲಾವಕಾಶವಿರಲಿ.

ಸರಕಾರವನ್ನು ಟೀಕಿಸಿ ನಮ್ಮ ಅಂಗಳವನ್ನು ಮರೆತರೆ ಅದು ಆತ್ಮವಂಚನೆಯಾದೀತು. ಹಳೆಯ ಮಸೀದಿಯನ್ನು ಕೆಡವಿ ಹೊಳೆಯುವ ಟೈಲ್ಸಿನ ಹೊಸ ಕಟ್ಟಡ ಎಬ್ಬಿಸುವ ಮುತವಲ್ಲಿಗಳು ಯಾವ ತಜ್ಞನನ್ನು ಕೇಳಿದ್ದಾರೆ? ಎಷ್ಟು ಫಾರಸೀ ಶಾಸನಗಳ ಮೇಲೆ ನಾವೇ ಸುಣ್ಣ ಬಳಿದಿಲ್ಲ? ಇಂಥ ಅರಬ್ಬಿ-ಫಾರಸೀ ಶಾಸನಗಳನ್ನು ಓದಿ ದಾಖಲಿಸಲೆಂದೇ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಿಭಾಗವೊಂದು ನಾಗಪುರದಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಜಮಾಅತ್‌ಗಳಿಗೆ ಗೊತ್ತು? ಬುಲ್ಡೋಜರು ಬಾಗಿಲಿಗೆ ಬಂದಾಗ ಎದೆ ಬಡಿದುಕೊಳ್ಳುವ ನಾವು, ಅದಕ್ಕೆ ಮುಂಚೆ ಒಂದು ಫೋಟೊ, ಒಂದು ಅಳತೆ, ಒಂದು ದಾಖಲೆ ಇಟ್ಟುಕೊಂಡಿರುವುದಿಲ್ಲ. ದಾಖಲೆಯಿಲ್ಲದವನ ಅಳಲನ್ನು ಯಾವ ನ್ಯಾಯಾಲಯ ಆಲಿಸೀತು?

ಪ್ರತಿ ಜಮಾಅತ್ ತನ್ನ ಮಸೀದಿ, ಖಬರಸ್ತಾನ, ಹಳೆಯ ಬಾವಿಗಳ ಪಟ್ಟಿ ಮಾಡಲಿ. ಕಲ್ಲಿನ ಬರಹಗಳ ಚಿತ್ರ ತೆಗೆಯಲಿ, ವಕ್ಫ್ ದಾಖಲೆಗಳನ್ನೂ ಸರ್ವೆ ನಕ್ಷೆಗಳನ್ನೂ ಜೋಡಿಸಿಡಲಿ. ಕಾಲೇಜಿನಲ್ಲಿ ಇತಿಹಾಸ ಓದುವ ನಮ್ಮ ಹುಡುಗ ಹುಡುಗಿಯರಿಗೆ ಈ ಕೆಲಸ ವಹಿಸಲಿ. ಪುರಾತತ್ವವನ್ನು ವೃತ್ತಿಯಾಗಿ ಆರಿಸಿಕೊಳ್ಳಲು ಅವರಿಗೆ ಪ್ರೋತ್ಸಾಹ ಸಿಗಲಿ. ನೆರೆಯ ದೇವಸ್ಥಾನದವರನ್ನೂ ಜೊತೆಗೆ ಸೇರಿಸಿಕೊಳ್ಳಲಿ. ರಸ್ತೆ ಅಗಲವಾಗುವಾಗ ಇಬ್ಬರ ಗೋಡೆಯೂ ಒಂದೇ ನಕ್ಷೆಯಲ್ಲಿರುತ್ತದೆ. ಮುಂದಿನ ವರದಿ ಬರೆಯಲು ಸಲಹೆಗಾರನು ನಮ್ಮ ಊರಿಗೆ ಬಂದಾಗ, ಇಲ್ಲಿ ಏನೂ ಇಲ್ಲ ಎಂದು ಬರೆಯಲು ಅವನಿಗೆ ಸಾಧ್ಯವಾಗಬಾರದು.