ಇ-ಸೈಕಲ್ ಸರಣಿ, ಭಾಗ 4: ಬ್ಯಾಟರಿ ಕೈಕೊಟ್ಟಿಲ್ಲ, ಕಾಪಾಡಿದೆ

ಹೋದ ಭಾಗ ಹಾಕಿದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಈ ಮೂರೇ.

"40 ಕಿ.ಮೀ. ಬರುತ್ತೆ ಅಂತ ಮಾರಿದ್ರು, 20ಕ್ಕೇ ನಿಂತೋಗುತ್ತೆ."
"ಎರಡು ಕಡ್ಡಿ ತೋರಿಸ್ತಿತ್ತು, ಏರಲ್ಲಿ ಇದ್ದಕ್ಕಿದ್ದಂಗೆ ಆಫ್ ಆಯ್ತು."
"ಗ್ಯಾರೇಜಿನವ್ರು ಬಿಎಂಎಸ್ ತೆಗೆದು ಡೈರೆಕ್ಟ್ ಕೊಡ್ತೀನಿ ಅಂತಿದಾರೆ, ಮಾಡಿಸ್ಲಾ?"

ಮೂರಕ್ಕೂ ಸೇರಿಸಿ ನನ್ನ ಅಭಿಪ್ರಾಯ ಇಷ್ಟು: ನಿಮಗೆ ಅರ್ಧ ಸತ್ಯ ಹೇಳಿದ್ದು ಡಬ್ಬದ ಮೇಲಿನ ಕಿಲೋಮೀಟರ್. ಏರಲ್ಲಿ ಆಫ್ ಆದ ಬ್ಯಾಟರಿ ಪೂರ್ತಿ ಸತ್ಯ ಹೇಳಿದೆ. ನಾವು ಜಗಳ ಆಡ್ತಿರೋದು ಸತ್ಯ ಹೇಳಿದವರ ಜೊತೆ.

ಯಾಕೆ ಅಂತ ಹೇಳ್ತೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

1. ಕಿಲೋಮೀಟರ್ ಬಿಡಿ, ವಾಟ್-ಅವರ್ ಕೇಳಿ

ಬ್ಯಾಟರಿ ಒಳಗೆ ಕಿಲೋಮೀಟರ್ ಇರೋದಿಲ್ಲ. ಶಕ್ತಿ ಇರುತ್ತೆ. ಅದನ್ನ ಅಳೆಯೋದು ವಾಟ್-ಅವರ್‌ನಲ್ಲಿ. ಲೆಕ್ಕ ಸುಲಭ: ಬ್ಯಾಟರಿ ಮೇಲೆ ಬರೆದಿರೋ ವೋಲ್ಟನ್ನ ಆಂಪಿಯರ್-ಅವರ್‌ನಿಂದ ಗುಣಿಸಿ. 36 ವೋಲ್ಟ್, 7.5 ಆಂಪಿಯರ್-ಅವರ್ ಅಂದ್ರೆ 270 ವಾಟ್-ಅವರ್. ಅದರಲ್ಲಿ ಕೈಗೆ ಸಿಗೋದು ಸುಮಾರು 240 ಅಂತಿಟ್ಕೊಳ್ಳಿ, ತಳದ ತನಕ ಖಾಲಿ ಮಾಡೋಕೆ ಬಿಡಲ್ಲ.

ಈಗ ಖರ್ಚು. ತುಳಿಯದೆ ಬರೀ ಥ್ರಾಟಲ್ ಹಿಡಿದು, ಸಿಗ್ನಲ್ ಸಿಗ್ನಲ್‌ಗೂ ನಿಂತು ಹೊರಟ್ರೆ ಕಿ.ಮೀ.ಗೆ 12 ವಾಟ್-ಅವರ್ ಆಸುಪಾಸು. 240 ಭಾಗಿಸು 12, ಅಂದ್ರೆ 20 ಕಿ.ಮೀ. ಅದೇ ಸೈಕಲ್ಲಲ್ಲಿ ಅರ್ಧ ಕೆಲಸ ನಿಮ್ಮ ಕಾಲೇ ಮಾಡಿದ್ರೆ ಖರ್ಚು 6ಕ್ಕೆ ಇಳಿಯುತ್ತೆ. 240 ಭಾಗಿಸು 6, ಅಂದ್ರೆ 40 ಕಿ.ಮೀ.

ನೋಡಿದ್ರಾ? 20 ಕೂಡ ನಿಜ, 40 ಕೂಡ ನಿಜ. ಬ್ಯಾಟರಿ ಒಂದೇ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಯಾವುದು ಬರುತ್ತೆ ಅಂತ ನಾನೇನೂ ಹೇಳ್ಬೇಕಾಗಿಲ್ಲ. ಅಷ್ಟು ಕಿಲೋಮೀಟರ್ ಬರ್ಬೇಕಾದ್ರೆ ಸವಾರ ಎಷ್ಟು ತೂಕ ಇರ್ಬೇಕು, ಎಷ್ಟು ತುಳಿಬೇಕು, ರಸ್ತೆ ಎಷ್ಟು ಸಮ ಇರ್ಬೇಕು ಅನ್ನೋದು ಸಣ್ಣ ಅಕ್ಷರದಲ್ಲಿ ಇದ್ರೆ ನಮ್ಮ ಪುಣ್ಯ.

ಸ್ಪೀಡಿನ ಆಟ ಇನ್ನೊಂದು. ಗಾಳಿಯನ್ನ ತಳ್ಳೋ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 25ರಲ್ಲಿ ಹೋಗೋರು 18ಕ್ಕೆ ಇಳಿದ್ರೆ, ಪ್ರತಿ ಕಿ.ಮೀ.ಗೆ ಗಾಳಿಗೆ ಕೊಡೋ ಶಕ್ತಿ ಹತ್ತಿರ ಹತ್ತಿರ ಅರ್ಧ ಆಗುತ್ತೆ. ಕ್ಲಾಸಿಗೆ ಲೇಟಾಗಿ ಹೊರಟ ದಿನಾನೇ ಚಾರ್ಜ್ ಸಾಲದೆ ಹೋಗೋದು ಹಣೆಬರಹ ಅಲ್ಲ, ಭೌತಶಾಸ್ತ್ರ.

2. ಬೆಟ್ಟದ ಲೆಕ್ಕ

ಮೈಸೂರಿನವರಿಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೇ ಉದಾಹರಣೆ ಬೇಕಾ? ಊರಿಂದ ಮೇಲಕ್ಕೆ ಸುಮಾರು 300 ಮೀಟರ್ ಎತ್ತರ. ನೀವು 65 ಕೆಜಿ, ಸೈಕಲ್ 25 ಕೆಜಿ, ಒಟ್ಟು 90. ಪಿಯುಸಿಲಿ ಓದಿದ ಎಂಜಿಎಚ್ ಹಾಕಿ: ಬರೀ ಎತ್ತರಕ್ಕೇ 73 ವಾಟ್-ಅವರ್. ಮೋಟಾರ್, ಕಂಟ್ರೋಲರ್‌ಗಳಲ್ಲಿ ಸೋರಿ ಹೋಗೋದನ್ನ ಸೇರಿಸಿದ್ರೆ ಬ್ಯಾಟರಿಯಿಂದ 100 ಹತ್ತಿರ ಎಳೀಬೇಕು. ಅಂದ್ರೆ ಕೈಗೆ ಸಿಗೋ 240ರಲ್ಲಿ 100 ಬರೀ ಎತ್ತರಕ್ಕೇ ಹೋಯ್ತು, ರಸ್ತೆಯ ಉದ್ದದ ಖರ್ಚು ಇನ್ನೂ ಸೇರಿಲ್ಲ. ಹಬ್ ಮೋಟಾರ್ ನಿಧಾನಕ್ಕೆ ತಿಣುಕುತ್ತಾ ಹತ್ತಿದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಕಡಿಮೆ ವೇಗದಲ್ಲಿ ಅದು ಕರೆಂಟನ್ನ ಓಟಕ್ಕಿಂತ ಬಿಸಿ ಮಾಡೋಕೇ ಬಳಸುತ್ತೆ.

ಇಳಿಯುವಾಗ ವಾಪಸ್ ಬರಲ್ವಾ? ಹೆಚ್ಚಿನ ಇ-ಸೈಕಲ್‌ಗಳಲ್ಲಿ ಬರಲ್ಲ. ಗೇರ್ ಇರೋ ಹಬ್ ಮೋಟಾರ್ ಒಳಗೆ ಫ್ರೀವೀಲ್ ಇರುತ್ತೆ, ಇಳಿಜಾರಲ್ಲಿ ಮೋಟಾರ್ ತಿರುಗೋದೇ ಇಲ್ಲ. ಹತ್ತಿದ್ದು ಖರ್ಚು, ಇಳಿದದ್ದು ಬರೀ ಗಾಳಿ.

ಅದಕ್ಕೇ ಮಂಗಳೂರಿನ ಏರಿಳಿತದ ರಸ್ತೆಲಿ ಓಡಿಸೋರ ರೇಂಜು, ರಾಯಚೂರಿನ ಸಪಾಟು ರಸ್ತೆಲಿ ಓಡಿಸೋರ ರೇಂಜು ಒಂದೇ ಆಗೋಕೆ ಸಾಧ್ಯಾನೇ ಇಲ್ಲ. ಯೂಟ್ಯೂಬ್ ರಿವ್ಯೂ ನೋಡುವಾಗ ಮೊದಲು ಊರು ನೋಡಿ, ಆಮೇಲೆ ನಂಬರ್ ನೋಡಿ.

3. ಎರಡು ಕಡ್ಡಿ ಇದ್ರೂ ಯಾಕೆ ಆಫ್?

ಇದೇ ಎಲ್ಲರನ್ನೂ ರೇಗಿಸೋ ವಿಷಯ. ಹಳ್ಳಿಲಿ ಪಕ್ಕದ ತೋಟದವರು ಪಂಪ್‌ಸೆಟ್ ಆನ್ ಮಾಡಿದ ತಕ್ಷಣ ನಮ್ಮನೆ ಲೈಟು ಒಂದು ಕ್ಷಣ ಮಂಕಾಗುತ್ತಲ್ಲ? ಕರೆಂಟ್ ಹೋಗಿಲ್ಲ, ಒಮ್ಮೆಲೇ ಜಾಸ್ತಿ ಎಳೆದಿದ್ದಕ್ಕೆ ವೋಲ್ಟೇಜ್ ಕುಸಿದಿದೆ. ಬ್ಯಾಟರಿ ಒಳಗೂ ಅದೇ.

36 ವೋಲ್ಟ್ ಬ್ಯಾಟರಿ ಅಂದ್ರೆ ಸಾಮಾನ್ಯವಾಗಿ 10 ಲಿಥಿಯಂ ಸೆಲ್‌ಗಳು ಸಾಲಾಗಿ. ಫುಲ್ ಚಾರ್ಜ್ ಆದಾಗ 42 ವೋಲ್ಟ್. 30-31ಕ್ಕೆ ಇಳಿದ್ರೆ ಕಂಟ್ರೋಲರ್ ಮೋಟಾರನ್ನ ನಿಲ್ಲಿಸುತ್ತೆ. ಚಾರ್ಜ್ ಮುಗಿಯುತ್ತಾ ಬಂದು 33ರಲ್ಲಿದೆ ಅಂದ್ಕೊಳ್ಳಿ. ಒಳಗಿನ ರೋಧ 0.2 ಓಮ್. ಸಮ ರಸ್ತೆಲಿ 5 ಆಂಪಿಯರ್ ಎಳೆದ್ರೆ 1 ವೋಲ್ಟ್ ಕುಸಿದು 32 ಆಗುತ್ತೆ, ಓಡುತ್ತೆ. ಏರು ಬಂತು, 14 ಆಂಪಿಯರ್ ಎಳೀತು, 2.8 ವೋಲ್ಟ್ ಕುಸಿದು 30.2. ಗೆರೆ ದಾಟ್ತು, ಆಫ್.

ಐದು ನಿಮಿಷ ಮರದ ಕೆಳಗೆ ನಿಂತು ಆನ್ ಮಾಡಿದ್ರೆ ಮತ್ತೆ ಕಡ್ಡಿ ತೋರಿಸುತ್ತೆ. "ಸುಳ್ಳು ಡಿಸ್‌ಪ್ಲೇ" ಅಂತ ಬೈತೀವಿ. ಅದು ಸುಳ್ಳಲ್ಲ. ಕಡ್ಡಿ ತೋರಿಸೋದು ಅಗ್ಗದ ಮೀಟರ್‌ಗಳಲ್ಲಿ ಬರೀ ವೋಲ್ಟೇಜ್. ಭಾರ ಇಳಿಸಿದಾಗ ವೋಲ್ಟೇಜ್ ಸುಧಾರಿಸ್ಕೊಳ್ಳುತ್ತೆ. ಬಾಕಿ ಇರೋ ಚಾರ್ಜು ನಿಧಾನಕ್ಕೆ ಕೇಳಿದ್ರೆ ಸಿಗುತ್ತೆ, ಕಿತ್ಕೊಂಡ್ರೆ ಸಿಗಲ್ಲ. ಹಾಗಾಗಿ ಕೊನೇ ಎರಡು ಕಡ್ಡಿಲಿ ಏರು ಬಂದ್ರೆ ಥ್ರಾಟಲ್ ಬಿಟ್ಟು, ಅಸಿಸ್ಟ್ ಕಡಿಮೆ ಇಟ್ಟು ತುಳೀರಿ. ಮನೆ ತಲುಪ್ತೀರ.

4. "ಡೈರೆಕ್ಟ್" ಅನ್ನೋ ಮಾತಿಗೆ ನನ್ನ ಉತ್ತರ: ಬೇಡ

ಬಿಎಂಎಸ್ ಅಂದ್ರೆ ಬ್ಯಾಟರಿ ಒಳಗೆ ಕೂತಿರೋ ಕಾವಲುಗಾರ. ಕಂಟ್ರೋಲರ್ ನಿಲ್ಲಿಸದೆ ಹೋದ್ರೂ ಇದು ಕೊನೇ ಗೆರೆಲಿ ನಿಲ್ಲಿಸುತ್ತೆ. ಎರಡು ಮಿತಿ ನೋಡ್ಕೊಳ್ಳುತ್ತೆ: ಎಷ್ಟು ಕೆಳಗೆ ಇಳೀಬಹುದು, ಒಮ್ಮೆಲೇ ಎಷ್ಟು ಆಂಪಿಯರ್ ಎಳೀಬಹುದು.

ಮೊದಲನೇದು ಯಾಕೆ ಮುಖ್ಯ? ಲಿಥಿಯಂ ಸೆಲ್ ಸುಮಾರು 2.5 ವೋಲ್ಟಿಗಿಂತ ತುಂಬಾ ಕೆಳಗೆ ಹೋದ್ರೆ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜ್ ಹಾಕಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಅಪಾಯ ಇರೋದು ರಸ್ತೆಲಿ ಮಾತ್ರ ಅಲ್ಲ, ರಾತ್ರಿ ಹಾಸ್ಟೆಲ್ ರೂಮಲ್ಲಿ ಚಾರ್ಜಿಗೆ ಇಟ್ಟಾಗಲೂ ಇದೆ.

ಎರಡನೇದು: ಆಂಪಿಯರ್ ಎರಡು ಪಟ್ಟಾದ್ರೆ ಬಿಸಿ ನಾಲ್ಕು ಪಟ್ಟು. ಜೂಲ್ ನಿಯಮ, ಎಲ್ರೂ ಬರೆದು ಪಾಸಾಗಿದೀವಿ. ಬರೆದದ್ದನ್ನ ಸೈಕಲ್ ಮೇಲೆ ಕೂತಾಗ ಮರೀಬಾರದು ಅಷ್ಟೇ.

ಇದು ಹೆದರಿಸೋ ಮಾತಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷ ಲಿಥಿಯಂ ಬ್ಯಾಟರಿ ಬೆಂಕಿಗೆ 18 ಜನ ಸತ್ರು. ಅದೇ ವರ್ಷ ಆ ನಗರ, ಸುರಕ್ಷತಾ ಪ್ರಮಾಣಪತ್ರ ಇಲ್ಲದ ಇ-ಬೈಕು, ಬ್ಯಾಟರಿ ಮಾರೋ ಹಾಗಿಲ್ಲ ಅಂತ ಕಾನೂನು ಮಾಡ್ತು. ಕಾವಲುಗಾರನನ್ನ ದುಡ್ಡು ಕೊಟ್ಟು ಇಟ್ಕೊಳ್ಳಿ ಅಂತ ಅಲ್ಲಿ ಕಾನೂನೇ ಹೇಳುತ್ತೆ. ನಾವಿಲ್ಲಿ ಐನೂರು ರೂಪಾಯಿ ಕೊಟ್ಟು ಅವನನ್ನ ಕೆಲಸದಿಂದ ತೆಗೀತಿದೀವಿ.

ಸ್ಪೀಡ್ ಲಾಕ್ ತೆಗೆಸೋರಿಗೂ ಒಂದು ಮಾತು. ನಮ್ಮ ನಿಯಮದಲ್ಲಿ ಮೋಟಾರ್ 250 ವಾಟ್ ಮಿತಿಯೊಳಗೆ, ವೇಗ 25 ಕಿ.ಮೀ. ಒಳಗೆ ಇದ್ರೆ ಮಾತ್ರ ಲೈಸೆನ್ಸು, ನಂಬರ್ ಪ್ಲೇಟು ಬೇಡ. ದಾಟಿದ್ರೆ ಅದು ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನ, ನೀವು ಲೈಸೆನ್ಸ್ ಇಲ್ಲದ ಸವಾರ.

5. "ಇಷ್ಟೆಲ್ಲ ತಲೆನೋವು ಯಾಕೆ, ಪೆಟ್ರೋಲ್ ಸ್ಕೂಟರ್ ತಗೊಂಡ್ರೆ ಮುಗೀತಲ್ಲ ಮಗಾ?"

ಈ ಕಾಮೆಂಟ್ ಬರೋದು ಗೊತ್ತು, ಈಗಲೇ ಉತ್ತರ ಕೊಡ್ತೀನಿ. ದಿನಾ 40-50 ಕಿ.ಮೀ. ಓಡಾಡೋರು, ಹಿಂದೆ ತಂಗಿಯನ್ನ ಕೂರಿಸ್ಕೊಂಡು ಹೋಗ್ಬೇಕಾದೋರು ದಯವಿಟ್ಟು ಇ-ಸೈಕಲ್ ತಗೋಬೇಡಿ. ಅದು ನಿಮಗಲ್ಲ. ಆದ್ರೆ ದಿನಕ್ಕೆ 10-15 ಕಿ.ಮೀ. ಓಡಾಡೋ ನಮ್ಮಂಥವರಿಗೆ 270 ವಾಟ್-ಅವರ್ ಫುಲ್ ಚಾರ್ಜ್ ಅಂದ್ರೆ, ಚಾರ್ಜರ್‌ನಲ್ಲಿ ಪೋಲಾಗೋದೂ ಸೇರಿ ಮೂರನೇ ಒಂದು ಯೂನಿಟ್ಟೂ ಇಲ್ಲ. ಯೂನಿಟ್ಟಿಗೆ 8 ರೂಪಾಯಿ ಅಂದ್ರೂ ಎರಡೂವರೆ ರೂಪಾಯಿ. ಈ ದುಡ್ಡಿಗೆ ಕಾಲೇಜು ಕ್ಯಾಂಟೀನಲ್ಲಿ ಅರ್ಧ ಟೀನೂ ಬರಲ್ಲ.

ಇಷ್ಟು ಅಗ್ಗದ, ಇಷ್ಟು ಒಳ್ಳೇ ವಸ್ತುವನ್ನ ಸುಳ್ಳು ನಿರೀಕ್ಷೆ ಹುಟ್ಟಿಸಿ ಮಾರೋದೇ ನನ್ನ ಸಿಟ್ಟು. ಅಪ್ಪ ಅಮ್ಮ ಕೂಡಿಟ್ಟ ದುಡ್ಡಲ್ಲಿ "40 ಕಿ.ಮೀ." ಅಂತ ನಂಬಿ ತಂದ ಹುಡುಗಿ, 20ಕ್ಕೆ ನಿಂತಾಗ ಮೋಸ ಹೋದೆ ಅಂದ್ಕೊಳ್ತಾಳೆ. ಗ್ಯಾರೇಜಿಗೆ ಹೋಗ್ತಾಳೆ. "ಡೈರೆಕ್ಟ್" ಅನ್ನೋ ಮಾತು ಅಲ್ಲಿ ಶುರುವಾಗೋದು. ಬಿಎಂಎಸ್ ತೆಗೆಸೋ ಮೂಲೆ ಗ್ಯಾರೇಜಿನ ಬೇರು ಹೋಗಿ ತಲುಪೋದು ಆ ಡಬ್ಬದ ಮೇಲಿನ ನಂಬರಿಗೆ.

ಮಾರೋರು ಮಾಡ್ಬೇಕಾದ್ದು: ವಾಟ್-ಅವರ್ ದೊಡ್ಡದಾಗಿ ಬರೀರಿ. ಬರೀ ಥ್ರಾಟಲ್‌ನಲ್ಲಿ ಎಷ್ಟು, ತುಳಿದ್ರೆ ಎಷ್ಟು, ಎಷ್ಟು ತೂಕದ ಸವಾರನಿಗೆ ಅಂತ ಪಕ್ಕದಲ್ಲೇ ಹಾಕಿ. ಸತತವಾಗಿ ಎಷ್ಟು ಆಂಪಿಯರ್ ಎಳೀಬಹುದು ಅಂತ ಹೇಳಿ.

ನಾವು ಮಾಡ್ಬೇಕಾದ್ದು:

ದಿನದ ಕಿಲೋಮೀಟರನ್ನ 12ರಿಂದ ಗುಣಿಸಿ. ಹೋಗಿ ಬರೋಕೆ 16 ಕಿ.ಮೀ. ಅಂದ್ರೆ 192 ವಾಟ್-ಅವರ್. ಹೊಸ 270ರ ಬ್ಯಾಟರಿಗೆ ಆರಾಮ. ಆದ್ರೆ ನೂರಾರು ಚಾರ್ಜ್ ಆದ ಮೇಲೆ ಅದರ ಸಾಮರ್ಥ್ಯ 80 ಶೇಕಡಕ್ಕೆ ಇಳಿದಾಗ ಕೈಗೆ ಸಿಗೋದು 192 ಅಷ್ಟೇ. ತುದಿಗೆ ಬಂದು ನಿಲ್ತೀರ. ಹಾಗಾಗಿ ಇವತ್ತಿನ ಅಗತ್ಯಕ್ಕಿಂತ ಒಂದೂವರೆ ಪಟ್ಟು ದೊಡ್ಡದು ತಗೊಳ್ಳಿ.

ದಿನಾ ಪೂರ್ತಿ ಖಾಲಿ ಮಾಡ್ಬೇಡಿ, ಒಂದು ಕಡ್ಡಿ ಉಳಿಸಿ ಚಾರ್ಜಿಗೆ ಹಾಕಿ. ಏರು ಹತ್ತಿ ಬಂದು ಬಿಸಿ ಇರೋವಾಗಲೇ ಚಾರ್ಜರ್ ಚುಚ್ಚಬೇಡಿ. ರಜೆಗೆ ಊರಿಗೆ ಹೋಗೋವಾಗ ಖಾಲಿ ಬಿಟ್ಟು ಹೋಗ್ಬೇಡಿ, ಫುಲ್ಲೂ ಬೇಡ, ಅರ್ಧ ಇಟ್ಟು ಹೋಗಿ.

ನಿಮ್ಮ ಬ್ಯಾಟರಿ ಮೇಲೆ ಬರೆದಿರೋ ವೋಲ್ಟು, ಆಂಪಿಯರ್-ಅವರ್ ನೋಡಿ, ಗುಣಿಸಿ, ಕಾಮೆಂಟಲ್ಲಿ ಹಾಕಿ. ಜೊತೆಗೆ ಅಂಗಡಿಯವರು ಎಷ್ಟು ಕಿ.ಮೀ. ಅಂದ್ರು, ನಿಜಕ್ಕೂ ಎಷ್ಟು ಬರ್ತಿದೆ ಅಂತಾನೂ ಬರೀರಿ. ನಾಳೆ ಕೊಳ್ಳೋರಿಗೆ ಡಬ್ಬಕ್ಕಿಂತ ನಿಮ್ಮ ಕಾಮೆಂಟ್ ಉಪಯೋಗಕ್ಕೆ ಬರುತ್ತೆ.

ಬಿಎಂಎಸ್ ತೆಗೆಸ್ಬೇಕು ಅಂತಿರೋ ಫ್ರೆಂಡ್ ಯಾರಾದ್ರೂ ಇದ್ರೆ ಅವ್ರಿಗೆ ಇವತ್ತೇ ಕಳಿಸಿ.

ಭಾಗ 5: ಹಳೇ ಬ್ಯಾಟರಿ ಪ್ಯಾಕ್ ಕೊಳ್ಳೋ ಮುಂಚೆ ಏನೇನು ನೋಡ್ಬೇಕು.

#ಇಸೈಕಲ್ #ಬ್ಯಾಟರಿಲೆಕ್ಕ #ಮೈಸೂರು #ಕನ್ನಡದಲ್ಲಿವಿಜ್ಞಾನ