ನೀರಿನ ಮೇಲೆ ‘ಬೇಡ’ ಎನ್ನುವ ಹಕ್ಕು



ಹೋಟೆಲು ಕೆಲಸಗಾರರ ಪತ್ರಿಕೆಯಲ್ಲಿ ದೋಣಿಯ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಹಿಂದೆ ನಮ್ಮ ಕುಂದಾಪುರ, ಉಡುಪಿಯ ಕಡೆಯ ಹುಡುಗರು ಹೋಟೆಲು ಸೇರಿದರೆ, ಗ್ಲಾಸು ತೊಳೆಯುವುದರಿಂದ ಹಿಡಿದು ಗಲ್ಲಾಪೆಟ್ಟಿಗೆಯವರೆಗೆ ಎಲ್ಲ ಕೆಲಸವೂ ನಾಲ್ಕು ಗೋಡೆಗಳ ಒಳಗೇ ಇರುತ್ತಿತ್ತು. ಒಲೆಯ ಬೆಂಕಿ, ಕಾದ ಎಣ್ಣೆ, ಜಾರುವ ನೆಲ. ಅಪಾಯಗಳು ಇದ್ದರೂ ಕಣ್ಣಿಗೆ ಕಾಣುವಂಥವು. ಈಗ ಹಾಗಿಲ್ಲ. ಕೊಚ್ಚಿಯ ಹಿನ್ನೀರಿನ ದಡದಲ್ಲಿ, ತಿರುವನಂತಪುರದ ಪೂವಾರ್, ವರ್ಕಲ ಕಡೆಗಳಲ್ಲಿ ಎದ್ದಿರುವ ವಸತಿಗೃಹಗಳಲ್ಲಿ, ಬೆಳಿಗ್ಗೆ ತಿಂಡಿ ಬಡಿಸಿದ ಕೈಗೆ ಮಧ್ಯಾಹ್ನ ಹುಟ್ಟು ಕೊಡುತ್ತಾರೆ. ‘ಗಿರಾಕಿಗಳನ್ನು ನೀರಿನ ಮೇಲೆ ಒಂದು ಸುತ್ತು ಹಾಕಿಸಿಕೊಂಡು ಬಾ’ ಎನ್ನುತ್ತಾರೆ. ಒಬ್ಬರೋ ಇಬ್ಬರೋ ಕುಳಿತು ಹುಟ್ಟು ಹಾಕುವ ಕಯಾಕ್ ಎಂಬ ಸಣ್ಣ ದೋಣಿಯ ಮೋಜು ಕೇರಳದಲ್ಲಿ ಈಗ ಬಹಳವಾಗಿ ಹಬ್ಬಿದೆ. ಕೊಡುಂಗಲ್ಲೂರಿನ ಬಳಿಯ ಕೋಟ್ಟಪ್ಪುರದಿಂದ ಕೊಚ್ಚಿಯ ಬೋಳ್ಗಾಟ್ಟಿಯವರೆಗೆ ಸುಮಾರು 40 ಕಿಲೋಮೀಟರು ಹುಟ್ಟು ಹಾಕಿಕೊಂಡು ಹೋಗುವ ‘ಮುಸಿರಿಸ್ ಪ್ಯಾಡಲ್’ ಎಂಬ ಸಾಮೂಹಿಕ ಯಾತ್ರೆಯೂ ನಡೆದಿದೆ.

ಮೋಜು ಬೇಡವೆಂದು ನಾವು ಹೇಳುವವರಲ್ಲ. ವಾರವೆಲ್ಲ ದುಡಿದವನು ಒಂದು ದಿನ ನೀರಿನ ಮೇಲೆ ಹೋದರೆ ಅದರಲ್ಲಿ ತಪ್ಪೇನಿದೆ? ನಮ್ಮ ಪ್ರಶ್ನೆ ಬೇರೆ. ಇಪ್ಪತ್ತು ಮೂವತ್ತು ಜನ ಒಟ್ಟಾಗಿ ತೆರೆದ ನೀರಿಗೆ ಇಳಿಯುವಾಗ ‘ಇವತ್ತು ಬೇಡ’ ಎಂದು ಹೇಳುವ ಅಧಿಕಾರ ಯಾರದು? ಹಾಗೆ ಹೇಳಿದವನ ಅನ್ನಕ್ಕೆ ಕಲ್ಲು ಬಿದ್ದರೆ ಕೇಳುವವರು ಯಾರು?

ನಾವು ಕಂಡದ್ದನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಕೊಚ್ಚಿಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಕೆಲಸದಲ್ಲಿದ್ದೆವು. ನವೆಂಬರ್ ತಿಂಗಳ ಒಂದು ಭಾನುವಾರ ಯಾವುದೋ ಕಂಪೆನಿಯ ಮೂವತ್ತೆರಡು ಮಂದಿ ವಿಹಾರಕ್ಕೆಂದು ಬಂದರು. ಇಬ್ಬಿಬ್ಬರು ಕೂರುವ ಹದಿನಾರು ದೋಣಿಗಳು. ನೀರನ್ನು ಬಲ್ಲವನು ಒಬ್ಬನೇ. ನಾವೆಲ್ಲ ‘ಚೇಟ್ಟ’ ಎಂದು ಕರೆಯುತ್ತಿದ್ದ, ಅಲ್ಲಿಯೇ ಹುಟ್ಟಿ ಬೆಳೆದ ದೋಣಿಯಾಳು. ಮಿಕ್ಕ ಸಹಾಯಕರು ನಾವು ಮೂವರು ಬಡಿಸುವವರು. ನಮ್ಮಲ್ಲಿ ಒಬ್ಬನಿಗೆ ಈಜೇ ಬಾರದು. ಲೈಫ್ ಜಾಕೆಟ್ಟುಗಳು ಇಪ್ಪತ್ತಾರು. ಅವುಗಳಲ್ಲಿ ನಾಲ್ಕೈದಕ್ಕೆ ಬಕ್ಕಲು ಇರಲಿಲ್ಲ. ಚೇಟ್ಟ ಪೂರ್ವದ ಆಕಾಶ ನೋಡಿ, ‘ಮಧ್ಯಾಹ್ನದ ಮೇಲೆ ಗುಡುಗು ಬರುತ್ತದೆ, ಇಳಿತವೂ ಆಗಲೇ ಸುರುವಾಗುತ್ತದೆ, ಇವತ್ತು ಬೇಡ’ ಎಂದ. ಮ್ಯಾನೇಜರರು ‘ದುಡ್ಡು ತೆಗೆದುಕೊಂಡಾಗಿದೆ’ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಹೊರಟು ಒಂದು ಗಂಟೆಯಾಗುವಷ್ಟರಲ್ಲಿ ಗಾಳಿ ತಿರುಗಿತು. ಇಳಿತದ ನೀರು ಅಳಿವೆಯ ಕಡೆಗೆ ಎಳೆಯತೊಡಗಿತು. ಮುಂದಿದ್ದ ದೋಣಿಗಳು ಹಿಂದಿನವರಿಗೆ ಕಾಣದಷ್ಟು ದೂರ ಹೋಗಿದ್ದವು. ಎರಡು ದೋಣಿಗಳು ಹಡಗು ಓಡಾಡುವ ಕಾಲುವೆಯತ್ತ ಸರಿದವು, ಒಂದು ಮಗುಚಿತು. ಬಲೆ ಹಾಕಲು ಬಂದಿದ್ದ ಮೀನುಗಾರನೊಬ್ಬ ತನ್ನ ದೋಣಿಯಲ್ಲಿ ಅವರನ್ನು ಎತ್ತಿಕೊಂಡು ಬಂದ. ದಡಕ್ಕೆ ಬಂದು ತಲೆ ಎಣಿಸಿದರೆ ಒಬ್ಬರು ಕಡಿಮೆ. ಇಪ್ಪತ್ತು ನಿಮಿಷ ನಮ್ಮ ಜೀವ ಕೈಯಲ್ಲಿತ್ತು. ಕೊನೆಗೆ ನೋಡಿದರೆ ಆ ಮಹಾಶಯರು ಯಾರಿಗೂ ಹೇಳದೆ ತಮ್ಮ ಕೋಣೆಗೆ ಹೋಗಿ ಬಟ್ಟೆ ಬದಲಿಸುತ್ತಿದ್ದರು. ಯಾರೂ ಸಾಯಲಿಲ್ಲ. ಆದುದರಿಂದ ಯಾರೂ ಏನನ್ನೂ ಬರೆದಿಡಲಿಲ್ಲ. ಮುಂದಿನ ವಾರ ಚೇಟ್ಟನಿಗೆ ಕೆಲಸವಿಲ್ಲವೆಂದು ಹೇಳಿ ಕಳುಹಿಸಿದರು. ನಾವು ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಇಂದಿಗೂ ನಾಚುತ್ತೇವೆ.

ಇದು ನಮ್ಮೊಬ್ಬರ ಕತೆಯಲ್ಲ. ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ 1993ರ ಮಾರ್ಚ್ 22ರಂದು ಎಂಟು ಮಂದಿ ಶಾಲಾ ಮಕ್ಕಳು, ಒಬ್ಬ ಉಪಾಧ್ಯಾಯರು, ಇಬ್ಬರು ತರಬೇತುದಾರರು ಇಂಥ ಸಣ್ಣ ದೋಣಿಗಳಲ್ಲಿ ಕಡಲಿಗಿಳಿದರು. ದಡದಿಂದ ಹೊರಕ್ಕೆ ಬೀಸುವ ಗಾಳಿ ಅವರನ್ನು ಒಳಗಡಲಿಗೆ ತಳ್ಳಿತು. ಸಹಾಯ ಕೇಳಲು ಅವರ ಬಳಿ ರೇಡಿಯೋ ಇರಲಿಲ್ಲ. ಮಧ್ಯಾಹ್ನಕ್ಕೆ ತಲುಪಬೇಕಾದವರು ತಲುಪಲಿಲ್ಲವೆಂಬ ಸುದ್ದಿ ಕರಾವಳಿ ಕಾವಲಿನವರಿಗೆ ಮುಟ್ಟಿದ್ದು ಗಂಟೆಗಟ್ಟಲೆ ತಡವಾಗಿ. ಕೊರೆಯುವ ನೀರಿನಲ್ಲಿ ನಾಲ್ಕು ಮಕ್ಕಳು ಸತ್ತರು. ಇಲ್ಲಿ ಕಾರ್ಮಿಕರಾದ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಅದರ ಹಿಂದಿನ ವರ್ಷವೇ ಆ ಸಂಸ್ಥೆಯ ಇಬ್ಬರು ತರಬೇತುದಾರರು, ಇಲ್ಲಿಯ ಸುರಕ್ಷತೆ ಸಾಲದು, ಹೀಗೇ ನಡೆದರೆ ಯಾರದೋ ಮಕ್ಕಳು ಮನೆಗೆ ಮರಳಲಾರರು ಎಂಬರ್ಥದ ಕಾಗದ ಬರೆದು ಕೆಲಸ ಬಿಟ್ಟಿದ್ದರು. ಕಾಗದ ಮಾಲಿಕರ ಕೈ ಸೇರಿತ್ತು, ಕಿವಿ ಸೇರಲಿಲ್ಲ. 1994ರಲ್ಲಿ ನ್ಯಾಯಾಲಯ ಸಂಸ್ಥೆಯನ್ನೂ ಅದರ ನಿರ್ದೇಶಕನನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. 1995ರಲ್ಲಿ ಅಲ್ಲಿ ಇದಕ್ಕೆಂದೇ ಕಾನೂನು ಬಂದಿತು. ಕೆಲಸಗಾರನ ಕಾಗದಕ್ಕೆ ಬೆಲೆ ಬರಲು ನಾಲ್ಕು ಮಕ್ಕಳು ಸಾಯಬೇಕಾಯಿತು.

ಕೇರಳದ ಲೆಕ್ಕವನ್ನೂ ನೋಡೋಣ. 2002ರ ಜುಲೈ 27ರಂದು ಕುಮರಕದ ಬಳಿ 29 ಮಂದಿ ಸತ್ತರು. 2007ರ ಫೆಬ್ರವರಿ 20ರಂದು ಎರ್ನಾಕುಳಂ ಜಿಲ್ಲೆಯ ತಟ್ಟೇಕ್ಕಾಡಿನಲ್ಲಿ ಪ್ರವಾಸ ಹೋದ ಶಾಲೆಯ ಮಕ್ಕಳೂ ಉಪಾಧ್ಯಾಯಿನಿಯರೂ ಸೇರಿ 18 ಮಂದಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ. 2023ರ ಮೇ 7ರ ಸಂಜೆ ತಾನೂರಿನಲ್ಲಿ 22 ಮಂದಿ. ಅವರಲ್ಲಿ ಹೆಚ್ಚಿನವರು ಮಕ್ಕಳು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ: 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಹೋದರು. ಇವು ಯಂತ್ರದ ದೋಣಿಗಳು, ಹುಟ್ಟಿನ ದೋಣಿಗಳಲ್ಲ ಎನ್ನಬಹುದು. ನಿಜ. ಆದರೆ ಹಿಡಿಸಲಾರದಷ್ಟು ಜನ, ತೊಡದ ಜಾಕೆಟ್ಟು, ಮೀರಿದ ಹೊತ್ತು ಎಂಬ ಕಾರಣಗಳು ಈ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ದುರಂತವಾದ ಮೇಲೆ ನ್ಯಾಯಮೂರ್ತಿಗಳ ಆಯೋಗ, ವರದಿ, ಶಿಫಾರಸು. ಮತ್ತೊಂದು ದುರಂತ, ಮತ್ತೊಂದು ಆಯೋಗ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಈ ಪದ್ಧತಿಗೆ ಕೊನೆ ಯಾವಾಗ?

ನೀರಿನ ಸ್ವಭಾವವನ್ನು ಅರಿಯದೆ ಮಾಡಿದ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ. ಕೊಚ್ಚಿಯ ಹಿನ್ನೀರು ಕೆರೆಯ ಹಾಗೆ ಕಂಡರೂ ಅದು ಕೆರೆಯಲ್ಲ. ವೈಪಿನ್ ಮತ್ತು ಫೋರ್ಟ್ ಕೊಚ್ಚಿಯ ನಡುವಿನ ಅಳಿವೆಯಿಂದ ಕಡಲು ದಿನವೂ ಒಳಬಂದು ಹೊರಹೋಗುತ್ತದೆ. ದೊಡ್ಡ ಹಡಗು, ಮೀನಿನ ಬೋಟು, ಜಂಕಾರು, 2023ರಿಂದ ವಾಟರ್ ಮೆಟ್ರೋ, ಎಲ್ಲವೂ ಅದೇ ನೀರಿನಲ್ಲಿ ಓಡಾಡುತ್ತವೆ. 2015ರ ಆಗಸ್ಟ್ 26ರಂದು ಫೋರ್ಟ್ ಕೊಚ್ಚಿಯಲ್ಲಿ ಮೀನಿನ ಬೋಟು ಬಡಿದು ಜನರ ದೋಣಿಯೇ ಮುಳುಗಿತು. ಹಾಗಿರಲಾಗಿ, ನೀರಿನಿಂದ ಒಂದು ಮೊಳ ಎತ್ತರವಿರುವ ಕಯಾಕು ದೊಡ್ಡ ಬೋಟಿನವನ ಕಣ್ಣಿಗೆ ಬೀಳುತ್ತದೆಂಬ ನಂಬಿಕೆ ಎಲ್ಲಿಯದು?

ತಿರುವನಂತಪುರದ ಕಡೆ ಕತೆ ಇನ್ನೊಂದು. ಪೂವಾರ್‌ನಲ್ಲಿ, ವೇಳಿಯಲ್ಲಿ ಹೊಳೆಗೂ ಕಡಲಿಗೂ ನಡುವೆ ಮರಳಿನ ದಿಬ್ಬವಿದೆ. ಅಲ್ಲಿಯವರು ಅದನ್ನು ‘ಪೊಳಿ’ ಎನ್ನುತ್ತಾರೆ. ದಿಬ್ಬ ಮುಚ್ಚಿದ್ದಾಗ ನೀರು ಸಾಧು. ದಿಬ್ಬ ಒಡೆದುಕೊಂಡಾಗ ಅದೇ ನೀರು ಕಡಲಿನತ್ತ ರಭಸದಿಂದ ಓಡುತ್ತದೆ. ಹೋದ ವಾರ ಸುಖವಾಗಿ ಹೋಗಿಬಂದೆವು ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ. ಇನ್ನು ತೆರೆದ ಕಡಲಿನಲ್ಲಿ ‘ಕಳ್ಳಕ್ಕಡಲ್’ ಎಂಬುದುಂಟು, ಎಂದರೆ ಕಳ್ಳ ಕಡಲು. ಗಾಳಿ ಇರುವುದಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ. ದಕ್ಷಿಣದ ಮಹಾಸಾಗರದಲ್ಲಿ ಸಾವಿರಾರು ಮೈಲಿ ದೂರದಲ್ಲಿ ಎದ್ದ ಅಲೆ ಸದ್ದಿಲ್ಲದೆ ಬಂದು ದಡಕ್ಕೆ ಬಡಿಯುತ್ತದೆ. ಇದಕ್ಕೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದಿಂದ ಈಗ ಮುನ್ನೆಚ್ಚರಿಕೆ ಸಿಗುತ್ತದೆ. ಅದನ್ನು ಓದುವ ಕೆಲಸ ಯಾರಿಗೆ ವಹಿಸಿದೆ ಎಂದು ಕೇಳಿದರೆ ಉತ್ತರವಿಲ್ಲ. 2024ರ ಮಾರ್ಚ್ 9ರಂದು ವರ್ಕಲದ ತೇಲುವ ಸೇತುವೆಯ ಕಂಬಿ ಮುರಿದು, ಪ್ರವಾಸಿಗಳು ಕಡಲಿಗೆ ಬಿದ್ದು, ಹತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ದಿನ ಅಲೆಗಳು ಜೋರಾಗಿದ್ದವು.

‘ಮೀನುಗಾರರು ಜಾಕೆಟ್ಟು ತೊಟ್ಟು ಹೋಗುತ್ತಾರೆಯೇ? ನೀವೇನು ಇಷ್ಟು ಹೆದರುವುದು?’ ಎಂದು ಮಾಲಿಕರು ನಗುವುದುಂಟು. ಆ ಮೀನುಗಾರರು ಹುಟ್ಟಿದಂದಿನಿಂದ ನೀರನ್ನು ಓದಿದವರು. 2018ರ ಮಹಾಪ್ರವಾಹದಲ್ಲಿ ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಉಳಿಸಿದವರು. ಅಂಥವರನ್ನೂ ಕಡಲು ಬಿಟ್ಟಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ, ಎಚ್ಚರಿಕೆ ಮುಟ್ಟುವ ಮೊದಲೇ ಕಡಲಿಗೆ ಹೋಗಿದ್ದ ತಿರುವನಂತಪುರದ ಕರಾವಳಿಯ ಎಷ್ಟೋ ಮಂದಿ ಮರಳಿ ಬರಲಿಲ್ಲ. ಬಲ್ಲವರ ಗತಿಯೇ ಹೀಗಾದರೆ, ನಿನ್ನೆಯವರೆಗೆ ಸಾಂಬಾರು ಬಕೆಟ್ಟು ಹಿಡಿದಿದ್ದ ಮಾಣಿಯ ಗತಿಯೇನು, ಅವನನ್ನು ನಂಬಿದ ಗಿರಾಕಿಯ ಗತಿಯೇನು?

ಇನ್ನು ಆಗಬೇಕಾದುದೇನು? ದೊಡ್ಡ ವಿದ್ಯೆ ಬೇಕಿಲ್ಲ. ಸಮಾರಂಭದ ಊಟಕ್ಕೆ ಎಷ್ಟು ಎಲೆ, ಎಷ್ಟು ಪಂಕ್ತಿ ಎಂದು ನಾವು ಲೆಕ್ಕ ಹಾಕುವುದಿಲ್ಲವೇ? ಅಷ್ಟೇ ಶ್ರದ್ಧೆ ಸಾಕು.

ಮೊದಲನೆಯದು, ಎಣಿಕೆ. ಹೊರಡುವಾಗ ಹೆಸರು ಬರೆದು ತಲೆ ಎಣಿಸಬೇಕು. ಮರಳಿದಾಗ ಅದೇ ಪಟ್ಟಿ ಹಿಡಿದು ಎಣಿಸಬೇಕು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ದಡದಲ್ಲಿ ಉಳಿಯುವ ಒಬ್ಬನಿಗೆ ಕೊಟ್ಟು ಹೋಗಬೇಕು. ಹೊತ್ತು ಮೀರಿದರೆ ಯಾರ ಅಪ್ಪಣೆಗೂ ಕಾಯದೆ ಅವನು ಸುದ್ದಿ ಮುಟ್ಟಿಸಬೇಕು.

ಎರಡನೆಯದು, ಜಾಕೆಟ್ಟು. ತಲೆಗೊಂದರಂತೆ, ಮೈಗೆ ಸರಿಯಾಗುವಂಥದು. ಬಕ್ಕಲು ಹಾಕಿದ ಮೇಲೆ ಭುಜ ಹಿಡಿದು ಮೇಲೆತ್ತಿ ನೋಡಬೇಕು. ಕಿವಿಯವರೆಗೆ ಏರಿದರೆ ಅದು ಸಡಿಲ. ದೋಣಿಯಲ್ಲಿ ಮಡಚಿಟ್ಟ ಜಾಕೆಟ್ಟು ಯಾರನ್ನೂ ಉಳಿಸಿಲ್ಲ.

ಮೂರನೆಯದು, ನೀರು ಬಲ್ಲ ಆಳುಗಳು. ಆರು ಮಂದಿ ಹೊಸಬರಿಗೆ ಒಬ್ಬನಾದರೂ ಇರಬೇಕೆಂದು ನಾವು ಹೇಳುತ್ತೇವೆ. ಮುಂದೆ ಒಬ್ಬ, ಎಲ್ಲರ ಹಿಂದೆ ಒಬ್ಬ. ಮುಂದಿನವನನ್ನು ಯಾರೂ ದಾಟಬಾರದು, ಹಿಂದಿನವನಿಗಿಂತ ಯಾರೂ ಹಿಂದುಳಿಯಬಾರದು. ಎಲ್ಲರ ಕೊರಳಲ್ಲಿ ಸಿಳ್ಳೆ ಇರಬೇಕು. ಜತೆಯಲ್ಲಿ ಯಂತ್ರದ ರಕ್ಷಣಾ ದೋಣಿ ಇರಬೇಕು. ಮಗುಚಿದರೆ ದೋಣಿಯನ್ನು ಬಿಡಬಾರದೆಂದು ದಡದಲ್ಲಿಯೇ ಎಲ್ಲರಿಗೂ ಕಲಿಸಬೇಕು.

ನಾಲ್ಕನೆಯದು, ಉಬ್ಬರ ಇಳಿತ, ಗಾಳಿ, ಗುಡುಗು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೇರಳದಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಸಾಮಾನ್ಯ. ಆದ್ದರಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ದಡ ಸೇರಬೇಕು. ಗುಡುಗು ಕೇಳಿದೊಡನೆ ನೀರು ಬಿಡಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು.

ಐದನೆಯದೇ ಮುಖ್ಯ. ಅದಿಲ್ಲದೆ ಮಿಕ್ಕ ನಾಲ್ಕೂ ಗೋಡೆಗೆ ಅಂಟಿಸಿದ ಕಾಗದ. ನೀರಿನ ಮೇಲಿರುವ ಮುಖ್ಯ ಆಳು ‘ಬೇಡ’ ಎಂದರೆ ಅದೇ ಕೊನೆಯ ಮಾತಾಗಬೇಕು. ಗಲ್ಲಾಪೆಟ್ಟಿಗೆಯಲ್ಲಿ ಕುಳಿತವರು ಅದನ್ನು ಬದಲಿಸತಕ್ಕದ್ದಲ್ಲ. ನಿಂತುಹೋದ ದಿನದ ಕೂಲಿ ಆಳಿಗೆ ಪೂರ್ತಿ ಸಿಗಬೇಕು. ಹಾಗಿಲ್ಲದಿದ್ದರೆ ಏನಾಗುತ್ತದೆ? ಮನೆಯಲ್ಲಿ ಮಕ್ಕಳಿರುವ ಆಳು ಕಪ್ಪು ಮೋಡ ನೋಡಿಯೂ ನೋಡದವನಂತೆ ಹುಟ್ಟು ಹಿಡಿಯುತ್ತಾನೆ. ಅವನು ಹೇಡಿಯೂ ಅಲ್ಲ, ಮೂರ್ಖನೂ ಅಲ್ಲ. ಹಸಿವು ಅವನ ಕೈಯಲ್ಲಿ ಹುಟ್ಟು ಹಿಡಿಸುತ್ತದೆ.

2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ, ಪ್ರಾಣಾಪಾಯ ಕಂಡರೆ ಅದನ್ನು ಮಾಲಿಕನ ಗಮನಕ್ಕೆ ತರುವ ಹಕ್ಕನ್ನು ಕೆಲಸಗಾರನಿಗೆ ಬರೆದುಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ಗಮನಕ್ಕೆ ತರುವುದು ಬೇರೆ, ನಿಲ್ಲಿಸುವುದು ಬೇರೆ. ಚೇಟ್ಟನೂ ಗಮನಕ್ಕೆ ತಂದಿದ್ದ. ಲೈಮ್ ಕೊಲ್ಲಿಯ ತರಬೇತುದಾರರೂ ತಂದಿದ್ದರು.

ಇಷ್ಟೆಲ್ಲ ಮಾಡಿದರೆ ವ್ಯಾಪಾರ ಕೆಡುತ್ತದೆ ಎಂಬ ಮಾತು ಬರುತ್ತದೆ. ಹಳಸಿದ ಪಲ್ಯವನ್ನು ಚೆಲ್ಲಿದರೆ ನಷ್ಟ ಒಂದು ಹೊತ್ತಿನದು; ಬಡಿಸಿದರೆ ಹೋಟೆಲಿನ ಹೆಸರೇ ಹೋಗುತ್ತದೆ. ಇದನ್ನು ಬಲ್ಲ ಧಣಿಗಳಿಗೆ ನೀರಿನ ಲೆಕ್ಕ ತಿಳಿಯದೆ ಹೋಗುವುದೇ?

ಆದುದರಿಂದ, ಕೊಚ್ಚಿ, ತಿರುವನಂತಪುರಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮನ್ನು ದೋಣಿ ಹತ್ತಿಸುವ ಮೊದಲು ಈ ಐದನ್ನೂ ಕೇಳಿ. ಒಬ್ಬನೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ. ಅಲ್ಲಿಯ ಮಲಯಾಳಿ ದೋಣಿಯಾಳುಗಳನ್ನು ಜತೆಗೆ ಸೇರಿಸಿಕೊಳ್ಳಿ. ನೀರಿಗೆ ಭಾಷೆಯ ಭೇದವಿಲ್ಲ, ನಮಗೂ ಬೇಡ. ಇಲ್ಲವೆಂದರೆ ನಮ್ಮ ಸಂಘಕ್ಕೆ ಕಾಗದ ಬರೆಯಿರಿ. ತಾರೀಕು, ಜನ, ಜಾಕೆಟ್ಟು, ಹವೆ, ಎಲ್ಲವನ್ನೂ ಬರೆಯಿರಿ. ಅಂದು ನಾವು ಬರೆಯಲಿಲ್ಲ. ನೀವು ಬರೆಯಿರಿ. ಯಾರಾದರೂ ಸತ್ತ ಮೇಲೆ ಬರೆಯುವ ವರದಿಗಿಂತ, ಎಲ್ಲರೂ ಬದುಕಿರುವಾಗ ಬರೆದ ಒಂದು ಕಾರ್ಡು ಮೇಲು.